ಅಮ್ಮತ್ತಿ ಕಡೆಯ ತೋಟದ ಮನೆ

ಕೊಡಗಿನ ಹಳೆಯ ಮನೆಗಳನ್ನು ನೋಡಲು ಹೊರಟವರು ಮಡಿಕೇರಿಯ ‘ಸನ್ನಿ ಸೈಡ್’ನಿಂದ ಆರಂಭಿಸುವುದು ಒಳ್ಳೆಯದು. ಜನರಲ್ ತಿಮ್ಮಯ್ಯನವರ ಬಾಲ್ಯದ ಈ ಮನೆ ಮುಂದೆ ಆರ್‌ಟಿಒ ಕಚೇರಿಯಾಗಿತ್ತು. ದುರಸ್ತಿಯಾದ ಮೇಲೆ 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಚ್ಚುಕಟ್ಟಾಗಿದೆ, ಸಂತೋಷ. ಆದರೆ ಸರ್ಕಾರದ ಕೈ ಸೋಕದ ಮನೆಗಳ ಗತಿಯೇನು? ಸ್ವಂತ ದುಡ್ಡಿನಲ್ಲಿ, ಅದೇ ಸೂರಿನಡಿ ಬಾಳುತ್ತಲೇ ಮನೆಯನ್ನು ಉಳಿಸಿಕೊಳ್ಳುತ್ತಿರುವ ಒಂದು ಕುಟುಂಬವನ್ನು ಕಾಣಲು ಮೂರ್ನಾಡು, ವಿರಾಜಪೇಟೆ ದಾಟಿ ಅಮ್ಮತ್ತಿ ಕಡೆಗೆ ಹೋದೆವು. ಹೂಮಳೆ ಆಗಷ್ಟೇ ಬಿದ್ದಿತ್ತು. ದಾರಿಯುದ್ದಕ್ಕೂ ಕಾಫಿ ಹೂವಿನ ಘಮ.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳು ತಲೆಯೆತ್ತಿದವು, ಜೊತೆಗೆ ಬಂಗಲೆಗಳೂ ಬಂದವು. ನಾವು ಹೋದ ಮನೆಯ ಮುಖ ಆ ಬಂಗಲೆಗಳದ್ದೇ: ಗಾಜಿನ ಕಿಟಕಿ, ಚಳಿ ಕಾಯಿಸಲು ಬೆಂಕಿಗೂಡು. ಒಳಗಿನ ನಡೆ ಮಾತ್ರ ಐನ್‌ಮನೆಯದು, ಅಂದರೆ ಕೊಡವ ಕುಲದ ಮೂಲಮನೆಯದು. ನೆಲ್ಲಕ್ಕಿ ನಡುಬಾಡೆ ಎನ್ನುವ ನಡುಮನೆಯಲ್ಲಿ ತೂಗುದೀಪ, ಜಗಲಿಯ ಕಂಬಗಳ ನಡುವೆ ಕೂರಲು ಅಗಲವಾದ ಐಮರ. ತಲೆಮಾರುಗಳು ಕೂತು ಸವೆಸಿದ ಆ ಹಲಗೆ ಕನ್ನಡಿಯಂತೆ ನುಣುಪಾಗಿದೆ.

ಇಳಿಸಿಟ್ಟಿದ್ದ ಹಂಚೊಂದನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್ ಮುದ್ರೆ, 1865 ಎಂಬ ಇಸವಿ. ಬಂದವರೆಲ್ಲ ಅದನ್ನೇ ಮನೆಯ ವಯಸ್ಸೆಂದು ಭಾವಿಸುತ್ತಾರಂತೆ. ಆದರೆ ಅದು ಆ ಮಿಷನ್ನಿನವರ ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಹಂಚು ಎಷ್ಟೋ ಕಾಲದ ನಂತರ ಸುಟ್ಟದ್ದಿರಬಹುದು.

ನಿಜವಾದ ಕೆಲಸ ನಡೆಯುತ್ತಿದ್ದುದು ಪಶ್ಚಿಮದ ಗೋಡೆಯಲ್ಲಿ. ಹಿಂದೊಮ್ಮೆ ಮಣ್ಣಿನ ಗೋಡೆಗೆ ಸಿಮೆಂಟು ಬಳಿದಿದ್ದರು. ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಉಳಿ ಇಟ್ಟು ಮೀಟಿದೊಡನೆ ಅಂಗೈಯಗಲದ ಚಕ್ಕೆ ಕಳಚಿ ಬಿತ್ತು. ಅದರ ಹಿಂದೆ ಗೋಡೆಯ ಮಣ್ಣು ಒದ್ದೆಯಾಗಿ, ಬೆರಳಿಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಕೊಡಗಿನ ಮಳೆಯ ತೇವ ಮಣ್ಣಿನ ಗೋಡೆಗೆ ಸೇರುವುದು ಸಹಜ. ಅದು ಹೊರಹೋಗುವ ದಾರಿಯನ್ನು ಸಿಮೆಂಟು ಮುಚ್ಚಿಬಿಡುತ್ತದೆ. ಗಟ್ಟಿಯಾಗಲಿ ಎಂದು ಮಾಡಿದ್ದೇ ಗೋಡೆಯನ್ನು ಒಳಗಿನಿಂದ ತಿಂದಿತ್ತು. ಈಗ ಅಲ್ಲಿಗೆ ಸುಣ್ಣದ ಗಾರೆ. ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು ಸೇರಿಸಿ ಅರೆದ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಬಳಿದು, ಒದ್ದೆ ಗೋಣಿ ಹೊದಿಸುತ್ತಾರೆ. ಮುಂಗಾರಿಗೆ ಮೊದಲೇ ಅದು ಬಲಿಯಬೇಕು.

“ಎಲ್ಲರೂ ಕೆಡವಿ ತಾರಸಿ ಹಾಕಿ ಎಂದರು,” ಎಂದರು ಯಜಮಾನರು. ಕಾಫಿ, ಮೆಣಸಿನ ಬೆಲೆ ನೋಡಿಕೊಂಡು ವರ್ಷಕ್ಕೊಂದು ಭಾಗ ಮುಗಿಸುತ್ತಿದ್ದಾರೆ. ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ಅವರ ತಾಯಿ ಸೌದೆ ಒಲೆ ಆರಲು ಬಿಟ್ಟಿಲ್ಲ. “ಹೊಗೆ ತಾಗದಿದ್ದರೆ ತೊಲೆಗೆ ಹುಳ ಬೀಳುತ್ತದೆ, ನೋಡಿ,” ಎಂದು ಮೇಲೆ ತೋರಿಸಿದರು. ಮಸಿ ಹಿಡಿದ ಆ ತೊಲೆಗಳಲ್ಲಿ ಒಂದು ತೂತೂ ಕಾಣಲಿಲ್ಲ. ಒಲೆ ಹಚ್ಚದ ಹಿಂದಿನ ಕೋಣೆಯ ಜಂತೆಗಳು ಮಾತ್ರ ಜರಡಿಯಾಗಿವೆ. ಬದಲಿಗೆಂದು ತೋಟದಲ್ಲೇ ಉರುಳಿದ ಹಲಸಿನ ಮರವನ್ನು ಸೀಳಿ ನೆರಳಿನಲ್ಲಿ ಒಟ್ಟಿದ್ದಾರೆ. ಹಸಿ ಮರ ಏರಿಸಿದರೆ ಬಾಗುತ್ತದೆಂದು ಬಡಗಿ ಒಪ್ಪುತ್ತಿಲ್ಲ. ಆ ಕೋಣೆಯ ಕೆಲಸ ಈ ಮಳೆಗಾಲ ಕಳೆದ ಮೇಲೆಯೇ.