ಬಿಸಿಲಿನಿಂದ ಕಾರು ಚಾರ್ಜ್: ಯೂನಿಟ್ ಲೆಕ್ಕಕ್ಕಿಂತ ಮೊದಲು ಆಂಪಿಯರ್ ಲೆಕ್ಕ

ಸೋಲಾರ್‌ನಿಂದ ಕಾರು ಚಾರ್ಜ್ ಮಾಡುವ ವ್ಯವಸ್ಥೆಗೆ ಎಲ್ಲರೂ ಮೊದಲು ಹಾಕುವ ಲೆಕ್ಕ ಯೂನಿಟ್ಟಿನದು. ಕಿಲೋಮೀಟರಿಗೆ 150 ವ್ಯಾಟ್-ಅವರ್ ಹಿಡಿದರೆ ದಿನದ 40 ಕಿ.ಮೀ.ಗೆ 6 ಯೂನಿಟ್ ಬೇಕು. ನಷ್ಟ ಸೇರಿಸಿ 7 ಅನ್ನಿ. ಒಳ್ಳೆಯ ಬಿಸಿಲಿದ್ದರೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಅಲ್ಲಿಗೆ 2 ಕಿಲೋವ್ಯಾಟ್ ಸಾಕು ಎಂದಾಯಿತು. ಗ್ರಿಡ್ ಜೊತೆಗಿದ್ದರೆ ಈ ಲೆಕ್ಕ ನಡೆಯುತ್ತದೆ. ಬರೀ ಬಿಸಿಲನ್ನೇ ನಂಬಿದರೆ ಕಾರು ದಿನದ ಬಹುಪಾಲು ಚಾರ್ಜ್ ಆಗದೆ ನಿಂತಿರುತ್ತದೆ.

ಅಡ್ಡ ಬರುವುದು 6 ಆಂಪಿಯರ್. ಎಸಿ ಚಾರ್ಜಿಂಗಿನ ಐಇಸಿ 61851 ಮಾನದಂಡದ ಪ್ರಕಾರ, ಎಷ್ಟು ಕರೆಂಟ್ ಎಳೆಯಬಹುದು ಎಂದು ಚಾರ್ಜರ್ ಪೈಲಟ್ ತಂತಿಯ ಮೂಲಕ ಕಾರಿಗೆ ಹೇಳುತ್ತದೆ. ಅದರ ಕನಿಷ್ಠ ಮಿತಿ 6 ಆಂಪಿಯರ್. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ ಅದು 1.38 ಕಿಲೋವ್ಯಾಟ್, ತ್ರೀ ಫೇಸ್‌ನಲ್ಲಿ 4.14. ಬಿಸಿ, ಧೂಳು ಎಲ್ಲ ಕಳೆದು 2 ಕಿಲೋವ್ಯಾಟ್ ಪ್ಯಾನೆಲ್ ನಡುಮಧ್ಯಾಹ್ನ ಕೊಡುವುದೇ 1.5ರ ಆಸುಪಾಸು. ಒಂದು ಮೋಡ ಬಂದರೆ ಚಾರ್ಜಿಂಗ್ ನಿಂತಿತು. 3 ಕಿಲೋವ್ಯಾಟ್ ಹಾಕಿದರೆ ಸರಿಸುಮಾರು ಹತ್ತರಿಂದ ಮೂರರವರೆಗೆ ಮಿತಿಯ ಮೇಲೇ ಇರಬಹುದು. ಪ್ಯಾನೆಲ್ ಕಡಿಮೆ ಇರುವಲ್ಲಿ ತ್ರೀ ಫೇಸ್ ಚಾರ್ಜರನ್ನೂ ಸಿಂಗಲ್ ಫೇಸ್‌ಗೇ ಕಟ್ಟಿ.

ಚಾರ್ಜರಿನ ಸೆಟ್ಟಿಂಗ್‌ನಲ್ಲಿ ಆರಂಭ ಮತ್ತು ನಿಲುಗಡೆಯ ನಡುವೆ ಅಂತರ ಬಿಡಲೇಬೇಕು. 1.6 ಕಿಲೋವ್ಯಾಟ್ ಐದು ನಿಮಿಷ ಸತತವಾಗಿ ಸಿಕ್ಕ ಮೇಲೆ ಶುರು, ಹತ್ತು ನಿಮಿಷ ಮಿತಿಗಿಂತ ಕೆಳಗಿದ್ದರೆ ಬಂದ್. ಆ ಹತ್ತು ನಿಮಿಷದ ಕೊರತೆ ತುಂಬಲು ಗ್ರಿಡ್ ಅಥವಾ ಚಿಕ್ಕ ಬ್ಯಾಟರಿ ಬೇಕು. ಅಂತರ ಬಿಡದಿದ್ದರೆ ಚಾರ್ಜರಿನೊಳಗಿನ ಸ್ವಿಚ್ಚಾದ ರಿಲೇ ಟಕಟಕ ಬಡಿದುಕೊಂಡು ಸವೆಯುತ್ತದೆ, ಕೆಲವು ಕಾರುಗಳು ನಾಲ್ಕಾರು ಸಲ ನಿಂತು ಹೊರಟ ಮೇಲೆ ನಿದ್ದೆಗೆ ಜಾರಿ ಮತ್ತೆ ಎದ್ದೇಳುವುದೇ ಇಲ್ಲ. ಕಡಿಮೆ ಕರೆಂಟಿಗೆ ಇನ್ನೊಂದು ದಂಡವಿದೆ: ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಎಲೆಕ್ಟ್ರಾನಿಕ್ಸ್ 200-300 ವ್ಯಾಟ್ ತಿನ್ನಬಹುದು. 7 ಕಿಲೋವ್ಯಾಟ್‌ನಲ್ಲಿ ಅದು ಲೆಕ್ಕಕ್ಕಿಲ್ಲ, 1.4ರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು.

ಕಾರಿನ ಛಾವಣಿ ಮೇಲೇ ಪ್ಯಾನೆಲ್ ಅಂಟಿಸುವ ಆಸೆ ಅನೇಕರಿಗಿದೆ. 2 ಚದರ ಮೀಟರಿಗೆ 400 ವ್ಯಾಟ್, ಬಯಲಲ್ಲೇ ನಿಲ್ಲಿಸಿದರೆ ದಿನಕ್ಕೆ ಹತ್ತು ಕಿಲೋಮೀಟರ್ ಆಚೀಚೆ. ಅದೇ ಪ್ಯಾನೆಲ್ ಪಾರ್ಕಿಂಗ್ ಚಾವಣಿಗೆ ಹೋಗಲಿ, ಕಾರು ನೆರಳಲ್ಲಿರಲಿ.

ಹಗಲು ಕಾರು ಮನೆಯಲ್ಲಿರದಿದ್ದರೆ ಶೇಖರಣೆ ಬೇಕು. ಹೀಗೆ ಕೂಡಿಟ್ಟ ವಿದ್ಯುತ್ತು ಬ್ಯಾಟರಿ, ಇನ್ವರ್ಟರ್, ಕಾರಿನ ಚಾರ್ಜರ್ ದಾಟಿ ಹೋಗುವಷ್ಟರಲ್ಲಿ ನಾಲ್ಕನೇ ಒಂದು ಪಾಲು ಕರಗಿರುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ 16 ಸೆಲ್, 51.2 ವೋಲ್ಟ್, 200 ಆಂಪಿಯರ್-ಅವರ್ ಅಂದರೆ 10.24 ಯೂನಿಟ್, ಶೇ. 80 ಬಳಸಿದರೆ 8. ಲೆಡ್-ಆಸಿಡ್ ಅಗ್ಗ, ಆದರೆ ಬಾಳಿಕೆ ಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಕೊನೆಯ ಶೇ. 20 ತುಂಬಲು ಗಂಟೆಗಟ್ಟಲೆ ತೆಗೆದುಕೊಳ್ಳುವುದರಿಂದ ಮಧ್ಯಾಹ್ನದ ಬಿಸಿಲು ದಂಡ. ಸೋಡಿಯಂ-ಅಯಾನ್ ಬ್ಯಾಟರಿ ಚಳಿ ತಡೆದುಕೊಳ್ಳುತ್ತದೆ. ಅದರ ತೊಡಕು ವೋಲ್ಟೇಜಿನದು: ಸೆಲ್ಲಿಗೆ ಸುಮಾರು 1.5ರಿಂದ 4 ವೋಲ್ಟ್ ಏರಿಳಿತವಿರುವುದರಿಂದ, 40-60 ವೋಲ್ಟ್ ಮಾತ್ರ ಒಪ್ಪುವ ಇನ್ವರ್ಟರಿಗೆ ಕಟ್ಟಿದರೆ ಒಂದಷ್ಟು ಸಾಮರ್ಥ್ಯ ಕೈಗೆ ಸಿಗುವುದಿಲ್ಲ. ಕ್ಷಣದಲ್ಲಿ ತುಂಬಿ ಖಾಲಿಯಾಗುವ ಸೂಪರ್‌ಕೆಪಾಸಿಟರ್ ಬ್ರೇಕಿನ ಶಕ್ತಿ ಹಿಡಿಯಲು ಸರಿ, ರಾತ್ರಿಗೆ ಇಡಲು ಅಲ್ಲ.

ವೈರಿಂಗ್‌ನಲ್ಲಿ ಮೊದಲು ಸುಡುವುದು ಎಂಪಿಪಿಟಿ, ಅಂದರೆ ಪ್ಯಾನೆಲ್ಲಿನಿಂದ ಗರಿಷ್ಠ ವಿದ್ಯುತ್ತು ಎಳೆಯುವ ನಿಯಂತ್ರಕ. 49.5 ವೋಲ್ಟಿನ ಮೂರು ಪ್ಯಾನೆಲ್ ಸರಣಿಯಲ್ಲಿ 148.5, ಎಂಪಿಪಿಟಿಯ ಮಿತಿ 150, ಸರಿಯೇ ಇದೆ ಅನ್ನಿಸುತ್ತದೆ. ಆ ಅಂಕಿ 25 ಡಿಗ್ರಿಯದು. ಮುಂಜಾನೆ 10 ಡಿಗ್ರಿಗೆ ಇಳಿದರೆ, ಚಳಿಗೆ ಪ್ಯಾನೆಲ್ಲಿನ ವೋಲ್ಟೇಜ್ ಡಿಗ್ರಿಗೆ ಶೇ. 0.28ರಂತೆ ಏರಿ 154 ದಾಟುತ್ತದೆ. ಎರಡೇ ಕಟ್ಟಿ. ಡಿಸಿ ಬದಿಗೆ ಎಸಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಬೇಡಿ: ಡಿಸಿ ಕರೆಂಟ್ ಎಂದೂ ಸೊನ್ನೆಗೆ ಇಳಿಯದ ಕಾರಣ ಒಳಗಿನ ಕಿಡಿ ಆರದೆ ಡಬ್ಬಿಯೇ ಉರಿಯುತ್ತದೆ. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರಿನ ಎರಡೂ ಅರ್ಧ ಒಂದೇ ತಯಾರಕರದ್ದಿರಲಿ. ಬೇರೆ ಬೇರೆಯಾದರೆ ಕೂಡಿಕೊಂಡಂತೆ ಕಂಡರೂ ಒಳಗೆ ಬಿಸಿಯಾಗಿ ಕರಗುತ್ತದೆ.