ನಿದ್ದೆಯಲ್ಲಿ ಅಡಿಕೆ ಅಗಿಯುವ ದವಡೆ

"ಅಮ್ಮಾ, ನಿದ್ದೇಲಿ ಅಡಿಕೆ ಅಗೀತೀಯಾ?" ಅಂತ ಮಗಳು ಕೇಳಿದ್ದು ಹೋದ ವರ್ಷ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ. ನನಗೆ ಎಲೆಅಡಿಕೆ ಕವಳದ ಅಭ್ಯಾಸವೇ ಇಲ್ಲ; ನಿದ್ದೆಯಲ್ಲಿ ನಾನು ಹಲ್ಲು ಕಡಿಯುವ ಸದ್ದು ಅವಳಿಗೆ ಹಾಗೆ ಕೇಳಿಸಿತ್ತು. ಆದರೆ ಬೆಳಿಗ್ಗೆ ಎದ್ದರೆ ಕಿವಿಯ ಮುಂದೆ ಬಿಗಿತ, ಹಣೆಯ ಎರಡೂ ಪಕ್ಕ ನೋವು. ದೋಸೆ ಚೂರು ಬಾಯಿಗಿಡಲೂ ದವಡೆ ಸರಿಯಾಗಿ ತೆರೆಯುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ಚಳಿಗೆ ಹೀಗಾಗಿದೆ ಅಂದುಕೊಂಡು ಮಫ್ಲರ್ ಸುತ್ತಿಕೊಂಡು ಓಡಾಡಿದೆ.

ಅತ್ತೆ ಹೊಟ್ಟೆಹುಳದ ಔಷಧಿ ತಗೋ ಅಂದರು. ನೆಂಟರೊಬ್ಬರು "ಯಾರ ಮೇಲೋ ಸಿಟ್ಟು ಒಳಗೇ ಇಟ್ಕೊಂಡಿದೀಯ" ಅಂದಿದ್ದು ಮಾತ್ರ ಬಹಳ ದಿನ ಕೊರೆಯಿತು. ಯಾರ ಮೇಲೆ ಸಿಟ್ಟು ಅಂತ ಮನಸ್ಸಲ್ಲೇ ಹುಡುಕುತ್ತಾ ಮಲಗುತ್ತಿದ್ದೆ.

ಕೊನೆಗೆ ದವಡೆ ಹಲ್ಲಿನ ಮೂಲೆ ಮುರಿದಾಗ ಶಿವಮೊಗ್ಗಕ್ಕೆ ಹೋದೆ. ದಂತವೈದ್ಯೆ ಕನ್ನಡಿ ಹಿಡಿದು ತೋರಿಸಿದರು: ಕೋರೆಹಲ್ಲುಗಳ ತುದಿ ಅರದಲ್ಲಿ ಉಜ್ಜಿದ ಹಾಗೆ ಸಪಾಟು. ಆಮೇಲೆ ನನ್ನ ಬೆರಳನ್ನೇ ನನ್ನ ಕೆನ್ನೆಯ ಮೇಲಿಡಿಸಿ ಹಲ್ಲು ಬಿಗಿ ಹಿಡಿಯಲು ಹೇಳಿದರು. ಬೆರಳಡಿಯಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು ಎದ್ದಿತು. ಅದೇ ದವಡೆಯನ್ನು ಮುಚ್ಚುವ ಮ್ಯಾಸೆಟರ್ ಸ್ನಾಯು. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಹಲ್ಲಿನ ಬುಡದ ನರಗಳು ಸುದ್ದಿ ಮುಟ್ಟಿಸಿ ಆ ಕ್ಷಣವೇ ದವಡೆಯನ್ನು ತಡೆಯುತ್ತವಲ್ಲ, ಹಗಲಲ್ಲಿ ಅದು ಅಷ್ಟು ಹೇಳಿದ ಮಾತು ಕೇಳುವ ಸ್ನಾಯು. ರಾತ್ರಿ ಕಥೆ ಬೇರೆ. ಹೆಚ್ಚಾಗಿ ತೆಳು ನಿದ್ದೆಯಲ್ಲಿ, ಮಿದುಳು ಕೆಲವೇ ಸೆಕೆಂಡು ಅರೆ ಎಚ್ಚರವಾಗುತ್ತದೆ. ಮೊದಲು ಎದೆಬಡಿತ ಜೋರಾಗುತ್ತದೆ, ಅದರ ಹಿಂದೆಯೇ ಸೆಕೆಂಡಿಗೆ ಸುಮಾರು ಒಂದು ಸಲದಂತೆ ಅಗಿಯುವ ತಾಳದಲ್ಲೇ ದವಡೆ ಬಿಗಿಯುತ್ತದೆ. ನಾವು ಬೇಡ ಅಂದರೂ ಅದಕ್ಕೆ ಕೇಳಿಸದು. ದೊಡ್ಡವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಹೀಗಾಗುತ್ತದಂತೆ. ಬೇರೆ ತೊಂದರೆ ಇಲ್ಲದವರಲ್ಲಿ ಇದನ್ನು ಕಾಯಿಲೆ ಎನ್ನಬೇಕಾಗಿಲ್ಲ ಅಂತ 2018ರಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿದ್ದಾರೆ. ಅದನ್ನು ಕೇಳಿ ನನಗೆ ಅಳು ಬಂತು. ನನ್ನ ಸ್ವಭಾವದ ತಪ್ಪಲ್ಲ ಇದು.

ಗೊರಕೆ ಇದೆಯಾ, ಖಿನ್ನತೆಯ ಮಾತ್ರೆ ತಗೊಳ್ತೀರಾ, ಕಾಫಿ ಎಷ್ಟು ಅಂತೆಲ್ಲ ಕೇಳಿದರು. ಕಾಫಿ! ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೂ ಒಂದು ಲೋಟ ಇಳಿಸುತ್ತಿದ್ದೆ.

ಅವರು ಹೇಳಿಕೊಟ್ಟ ಅಭ್ಯಾಸ ಹಗಲಿನದು: ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ, ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ ಇರಲಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ಗಮನಿಸಿದರೆ, ಒಂದೊಂದು ಅಡಿಕೆ ಕತ್ತಿಗೆ ಒತ್ತುವಾಗಲೂ ಹಲ್ಲು ಕಚ್ಚುತ್ತಿದ್ದೆ! ಡಬ್ಬಿಗಟ್ಟಲೆ ಅಡಿಕೆ, ಅಷ್ಟೇ ಸಲ ಕಚ್ಚು. ಈಗ ಪ್ರತಿ ಡಬ್ಬಿ ತುಂಬಿದಾಗ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತೇನೆ. ಇದರಿಂದ ಹಗಲಿನ ಬಿಗಿತ ಹೋಗಿದೆ. ರಾತ್ರಿಯದು ಹೋಗಿಲ್ಲ, ಅದಕ್ಕೆ ಹಲ್ಲಿನ ಅಳತೆಗೆ ಮಾಡಿಸಿದ ಗಾರ್ಡ್ ಹಾಕಿ ಮಲಗುತ್ತೇನೆ. ಅದು ಕಡಿಯುವುದನ್ನು ನಿಲ್ಲಿಸದು, ಹಲ್ಲು ಸವೆಯದಂತೆ ಕಾಯುತ್ತದೆ. ಬೆಳಿಗ್ಗೆ ಗಾರ್ಡ್ ತೊಳೆಯುವಾಗ ಅದರ ಎಡಗಡೆ ಹೊಸ ಗೀರು ಕಾಣುತ್ತದೆ. ಅಷ್ಟು ಹಲ್ಲು ಉಳಿಯಿತು.

ಮೊನ್ನೆ ಸುಲಿಯಲು ಬಂದಿದ್ದ ಹೆಂಗಸೊಬ್ಬರು ಕೆನ್ನೆ ಒತ್ತಿಕೊಳ್ಳುತ್ತಾ ಕೂತಿದ್ದರು. ಕತ್ತಿ ಬದಿಗಿಟ್ಟು ಅವರ ಬೆರಳನ್ನು ಅದೇ ಜಾಗಕ್ಕೆ ಇಡಿಸಿ "ಅಕ್ಕಾ, ಒಂದ್ಸಲ ಹಲ್ಲು ಬಿಗಿ ಹಿಡೀರಿ ನೋಡಣ" ಅಂದೆ.