ಮೊನಾರ್ಕ್ ಚಿಟ್ಟೆ ನೋಡಲು ಹೊರಟಿದ್ದರೆ ಎರಡು ದಿನ ಇಟ್ಟುಕೊಳ್ಳಿ

ಮೆಕ್ಸಿಕೋದ ಎಲ್ ರೊಸಾರಿಯೊ ಚಿಟ್ಟೆಧಾಮಕ್ಕೆ ಹೋಗುವವರಿಗೆ ಮೊದಲ ಮಾತು: ಒಂದೇ ದಿನದಲ್ಲಿ ಹೋಗಿಬರುವ ಟೂರ್ ಬುಕ್ ಮಾಡಬೇಡಿ. ಬಿಸಿಲು ಬೀಳದೆ ಚಿಟ್ಟೆ ಹಾರುವುದಿಲ್ಲ.

ನಾವು ಹೋಗಿದ್ದು ಫೆಬ್ರವರಿ ಕೊನೆಯ ವಾರ. ಶಿವಮೊಗ್ಗದಿಂದ ಟೆಕ್ಸಸ್‌ನ ನಮ್ಮನೆಗೆ ಬಂದಿದ್ದ ಅಮ್ಮನೂ ಜೊತೆಗಿದ್ದಳು. ಮೊದಲ ದಿನ ಮೋಡ. ಸುಮಾರು 3,000 ಮೀಟರ್ ಎತ್ತರದಲ್ಲಿ ಏದುಸಿರು ಬಿಡುತ್ತ ಹತ್ತಿ ನೋಡಿದರೆ, ಫರ್ ಮರಗಳ ತುಂಬ ತರಗೆಲೆಯ ಗೊಂಚಲು. "ಇದಕ್ಕಾ ಇಷ್ಟು ದೂರ ಕರ್ಕೊಂಡು ಬಂದಿದ್ದು?" ಅಂದಳು ಅಮ್ಮ. ಆ ತರಗೆಲೆಗಳೇ ಚಿಟ್ಟೆಗಳು, ರೆಕ್ಕೆ ಮುಚ್ಚಿಕೊಂಡು ಕೂತಿದ್ದವು.

ಪಕ್ಕದ ಆಂಗಾಂಗೆಯೊದಲ್ಲಿ ಉಳಿದುಕೊಂಡಿದ್ದರಿಂದ ಬಚಾವಾದೆವು. ಮರುದಿನ ಹನ್ನೊಂದರ ಹೊತ್ತಿಗೆ ಒಂದು ಕೊಂಬೆಗೆ ಬಿಸಿಲು ತಾಗಿತು. ತುದಿಯಲ್ಲೊಂದು ರೆಕ್ಕೆ ಬಿಚ್ಚಿತು, ಕಿತ್ತಳೆ ಬಣ್ಣ. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಒಂದೊಂದೂ ಅರ್ಧ ಗ್ರಾಂ ತೂಗುವ ಜೀವ. ಅವು ಎದ್ದಮೇಲೆ ಬಾಗಿದ್ದ ಕೊಂಬೆ ಮೆಲ್ಲಗೆ ಮೇಲಕ್ಕೆ ಬಂತು. ಸದ್ದೂ ಇತ್ತು, ಅಡಿಕೆ ಸೋಗೆಯ ಮೇಲೆ ಸೋನೆ ಬಿದ್ದ ಹಾಗೆ. ಅದನ್ನು ಕೇಳಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿನ ನಿಯಮವೂ ಅದೇ. ಫ್ಲಾಶ್ ಬೇಡ, ಮುಟ್ಟಬೇಡಿ, ದಾರಿಯಲ್ಲಿ ಕೂತವನ್ನು ನೋಡಿಕೊಂಡು ಕಾಲಿಡಿ.

ಕೆನಡಾದಷ್ಟು ದೂರದಿಂದ ಬಂದಿರುವ ಇವುಗಳಲ್ಲಿ ಒಂದೂ ಹಿಂದೆ ಈ ಕಾಡು ಕಂಡದ್ದಲ್ಲ. ಕಳೆದ ವಸಂತದಲ್ಲಿ ಇಲ್ಲಿಂದ ಹೊರಟವುಗಳ ಮೊಮ್ಮಕ್ಕಳೋ ಮರಿಮಕ್ಕಳೋ ಇವು. ಬೇಸಿಗೆಯಲ್ಲಿ ಹುಟ್ಟುವವು ಕೆಲವೇ ವಾರ ಬದುಕಿದರೆ, ವಲಸೆ ಬರುವ ಪೀಳಿಗೆಗೆ ಎಂಟು ತಿಂಗಳವರೆಗೂ ಆಯಸ್ಸು. ಮೊಟ್ಟೆಮರಿಯ ಗೋಜನ್ನು ಚಳಿಗಾಲ ಕಳೆಯುವವರೆಗೆ ಮುಂದೂಡುತ್ತವೆ. ಊರವರಿಗೆ ಮೊದಲೇ ಗೊತ್ತಿದ್ದ ಈ ಕಾಡುಗಳು ಹೊರಗಿನ ವಿಜ್ಞಾನಿಗಳಿಗೆ ತಿಳಿದದ್ದು 1975ರಲ್ಲಿ.

ಮೆಕ್ಸಿಕೋ ಸಿಟಿಯಿಂದ ಸಿಟಾಕ್ವಾರೊವರೆಗೆ ಬಸ್ಸಿದೆ, ಮುಂದಕ್ಕೆ ಸಣ್ಣ ಗಾಡಿ. ಪೆಸೊ ನಗದು, ಸ್ವೆಟರ್, ನಾಲ್ಕು ಸ್ಪ್ಯಾನಿಷ್ ಪದ ಜೊತೆಗಿರಲಿ. ಶನಿವಾರ, ಭಾನುವಾರ ಜಾತ್ರೆ. ವಾರದ ನಡುವೆ ಹೋಗಿ. ಮಂಡಿನೋವಿನವರಿಗೆ ಸ್ವಲ್ಪ ದೂರ ಕುದುರೆ ಸಿಗುತ್ತದೆ. ಅಮ್ಮ ಮೊದಲು ಬೇಡವೆಂದು ಹಟ ಹಿಡಿದು, ಆಮೇಲೆ ಇಳಿಯಲೇ ಒಪ್ಪಲಿಲ್ಲ.

ಮಾರ್ಚ್ ಕೊನೆಗೆ ನಮ್ಮ ಹಿತ್ತಲಿನಲ್ಲಿ, ಮೊನಾರ್ಕ್ ಹುಳಗಳು ತಿನ್ನುವ ಮಿಲ್ಕ್‌ವೀಡ್ ಗಿಡದಲ್ಲಿ ಅವುಗಳ ಮೊಟ್ಟೆ ಕಂಡವು, ಕೆಲವು ದಿನಕ್ಕೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ. ಅಷ್ಟರಲ್ಲಿ ಊರಿಗೆ ಮರಳಿದ್ದ ಅಮ್ಮನಿಗೆ ಫೋಟೊ ಕಳಿಸಿದೆ.

"ನಮ್ಮ ಬೇಲಿ ಎಕ್ಕದ ಗಿಡ ತಿನ್ನೋ ಹುಳ ಅಲ್ವೇನೋ ಇದು?"